ಕೀಲಿ ತಿರುವುವ ಮುಂಚಿನ ಹತ್ತು ನಿಮಿಷ

ಹುಬ್ಬಳ್ಳಿಯಿಂದ ಗದಗಿನ ಕಡೆ ಹೊರಟರೆ ಊರು ದಾಟುತ್ತಿದ್ದಂತೆ ಮಣ್ಣಿನ ಬಣ್ಣ ಕಪ್ಪಾಗುತ್ತದೆ. ಆ ಎರೆಹೊಲಗಳ ನಡುವೆ ತಂತಿಬೇಲಿ ಹಾಕಿದ ಒಂದು ಅಂಗಳ. ಬಿತ್ತನೆಯಿಲ್ಲ, ಬೆಳೆಯಿಲ್ಲ, ಅಗೆತ ಮಾತ್ರ ದಿನಾ ಉಂಟು. ಬೆಳಿಗ್ಗೆ ತೋಡಿದ ಗುಂಡಿಯನ್ನು ಸಂಜೆ ಮುಚ್ಚುತ್ತಾರೆ, ಮರುದಿನ ಅಲ್ಲೇ ಮತ್ತೆ ತೋಡುತ್ತಾರೆ. ದನ ಮೇಯಿಸಲು ಬರುವ ಮುದುಕನಿಗೆ ಇದೊಂದು ಬಗೆಹರಿಯದ ಒಗಟು. ‘ಡೀಸೆಲ್ ಸುಡಾಕ ಇವರಿಗೆ ಸರಕಾರ ರೊಕ್ಕ ಕೊಡತೈತೇನು?’ ಎಂದು ಬೇಲಿಯಾಚೆಯಿಂದ ಕೇಳಿ ಮುಂದೆ ಹೋಗುತ್ತಾನೆ.

ಅಂಗಳದ ಮೂಲೆಗೆ ತಗಡಿನ ಶೆಡ್ಡು. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಕೈಸನ್ನೆಗಳ ಚಿತ್ರಪಟ. ಹೊರಗೆ ಬೇವಿನ ಮರದ ಕೆಳಗೆ ಹಳದಿ ಜೆಸಿಬಿ, ಅದರಾಚೆ ಕಿತ್ತಳೆ ಬಣ್ಣದ ಹಿಟಾಚಿ. ಇಂದು ಕುರ್ಚಿಗಳಲ್ಲಿ ಕೂತವರಲ್ಲಿ ಒಬ್ಬರೂ ಹೊಸಬರಲ್ಲ. ಕುಂದಗೋಳದ ಕಡೆಯ ನಡುವಯಸ್ಸಿನವರೊಬ್ಬರು, 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದಾಗಿನಿಂದ ಸುತ್ತಲ ಊರುಗಳಲ್ಲಿ ಕೃಷಿಹೊಂಡ ತೋಡಿ ಹೆಸರು ಮಾಡಿದವರು. ಯಾದಗಿರಿಯ ಹುಡುಗ, ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಪಳಗಿದವನು. ಬಿಹಾರದಿಂದ ಬಂದು ಸೈಟುಗಳಲ್ಲೇ ಕನ್ನಡ ಕಲಿತವನು ಹಿಂದಿನ ಸಾಲಿನಲ್ಲಿದ್ದಾನೆ. ಎಲ್ಲರ ಮುಂದೆಯೂ ಒಂದೊಂದು ನೋಟ್‌ಬುಕ್ಕು, ಪೆನ್ನು. ಪೆನ್ನು ಹಿಡಿಯುವಾಗ ಮಾತ್ರ ಆ ಬೆರಳುಗಳಿಗೆ ಎಲ್ಲಿಲ್ಲದ ಸಂಕೋಚ.

ಇನ್ನು ಕೆಲವೇ ದಿನಕ್ಕೆ ಪರೀಕ್ಷೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರಲ್ಲಿ ಶುರುವಾದ ಮೇಲೆ, ಶಾಲೆಯ ಮುಖ ನೋಡದೆ ಕಸುಬು ಕಲಿತವರಿಗೂ ಪ್ರಮಾಣಪತ್ರ ಕೊಡುವ ದಾರಿಯೊಂದು ತೆರೆದುಕೊಂಡಿತು. ಪೂರ್ವಕಲಿಕೆಗೆ ಮಾನ್ಯತೆ ಎಂದು ಅದಕ್ಕೆ ಹೆಸರು. ಕೆಲವು ದಿನಗಳ ತಯಾರಿ, ಆಮೇಲೆ ಬರಹದ ಪ್ರಶ್ನೆ, ಬಾಯಿ ಪ್ರಶ್ನೆ, ಗಾಡಿಯ ಮೇಲಿನ ಕೆಲಸ. ಪರೀಕ್ಷಕರು ಹೊರಗಿನವರು, ಕಲಿಸಿದವರೇ ಅಂಕ ಹಾಕುವಂತಿಲ್ಲ. ಕೈಗೆ ಬರುವ ಸರ್ಟಿಫಿಕೇಟು ಲೈಸೆನ್ಸಿಗೆ ಬದಲಿಯೂ ಅಲ್ಲ, ಆರ್‌ಟಿಒ ಲೈಸೆನ್ಸ್ ಬೇರೆಯೇ ಬೇಕು. ಮತ್ಯಾಕೆ ಈ ಪಾಡು ಎಂದರೆ, ದೊಡ್ಡ ಕಂಪನಿಗಳ ಸೈಟಿನ ಗೇಟಿನಲ್ಲಿ ಈಗ ಮೊದಲು ಕೇಳುವುದೇ ಈ ಕಾಗದವನ್ನು. ಭಟ್ಕಳ, ಮಂಗಳೂರಿನ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋದ ಕ್ರೇನ್ ಆಪರೇಟರುಗಳಂತೂ ಅಲ್ಲಿ ಕಾಗದವಿಲ್ಲದೆ ಲಿವರ್ ಮುಟ್ಟುವ ಹಾಗೆಯೇ ಇಲ್ಲ.

ಕಲಿಸುವವರು ಸಂಡೂರಿನ ಕಡೆ ಅದಿರು ಗಣಿಯಲ್ಲಿ ಡಂಪರ್, ಎಕ್ಸ್‌ಕವೇಟರ್ ನಡೆಸಿ ನಿವೃತ್ತರಾದವರು. ಗಣಿಯಲ್ಲಿ ತರಬೇತಿ ಪಡೆಯದೆ ಕೆಲಸಕ್ಕಿಳಿಯುವಂತಿಲ್ಲ ಎಂಬ ನಿಯಮ 1966ರಷ್ಟು ಹಳೆಯದು. ಅವರ ಶಿಸ್ತು ಅಲ್ಲಿಂದ ಬಂದದ್ದು. ಗಣಿಯ ಹೊರಗಿನ ಕತೆಯೇ ಬೇರೆ. ಬ್ರಿಟನ್ನಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಮುಂದೆ ಲೋಡರ್, ಹಿಂದೆ ಅಗೆಯುವ ತೋಳು ಇರುವ ತನ್ನ ಮೊದಲ ಯಂತ್ರವನ್ನು 1953ರಲ್ಲಿ ಮಾಡಿದ. 1979ರಲ್ಲಿ ಆತನ ಜೆಸಿಬಿ ಕಂಪನಿ ಹರಿಯಾಣದ ಬಲ್ಲಭಗಢಕ್ಕೆ ಬಂತು. ನಮ್ಮ ಕೆಜಿಎಫ್‌ನಲ್ಲಿ ಬೆಮೆಲ್, ಧಾರವಾಡದಲ್ಲಿ ಟಾಟಾ ಹಿಟಾಚಿ ಯಂತ್ರಗಳನ್ನು ಮಾಡಿ ಕಳಿಸುತ್ತಲೇ ಇವೆ. ಆದರೆ ನಡೆಸುವವನು ಮಾತ್ರ ಹಳೆಯ ಹಾದಿಯಲ್ಲೇ ಬಂದ. ಮೊದಲು ಹೆಲ್ಪರ್, ಗ್ರೀಸ್ ಹಚ್ಚುವುದು, ಡಬ್ಬಿಯಲ್ಲಿ ಡೀಸೆಲ್ ತರುವುದು, ಡ್ರೈವರ್ ಊಟಕ್ಕೆ ಇಳಿದಾಗ ಕದ್ದು ಲಿವರ್ ಹಿಡಿಯುವುದು. ಒಂದು ದಿನ ಡ್ರೈವರಿಗೆ ಜ್ವರ ಬರುತ್ತದೆ. ಅಂದೇ ಹೆಲ್ಪರ್ ಆಪರೇಟರ್ ಆಗುತ್ತಾನೆ. ಗುರುವಿನ ಕೈಚಳಕದ ಜೊತೆ ಅವನ ಕೆಟ್ಟ ಚಾಳಿಯೂ ಶಿಷ್ಯನಿಗೆ ದಾಟುತ್ತದೆ.

‘ಯಾರರ ಒಬ್ಬರು ಬಂದು ಗಾಡಿ ಚಾಲೂ ಮಾಡ್ರಿ’ ಎನ್ನುತ್ತಾರೆ ಮೇಷ್ಟ್ರು. ಯಾದಗಿರಿಯ ಹುಡುಗ ಎದ್ದವನೇ ಸ್ಟೇರಿಂಗ್ ಹಿಡಿದು ಒಂದೇ ನೆಗೆತಕ್ಕೆ ಸೀಟಿನಲ್ಲಿ ಕೂತು ಕೀಲಿ ತಿರುವುತ್ತಾನೆ. ಎಂಜಿನ್ ಗುಡುಗುತ್ತದೆ.

‘ಇಳಿ. ನೀ ಫೇಲ್ ಆದಿ.’

‘ಯಾಕ್ರೀ ಸರ? ಇನ್ನೂ ಏನೂ ಮಾಡೇ ಇಲ್ಲಲ್ರಿ!’

‘ಅದಕ್ಕs ಫೇಲ್.’

ಆಮೇಲೆ ಶುರುವಾಗುವ ಸುತ್ತಾಟವೇ ಈ ತರಬೇತಿಯ ಜೀವ. ಎಂಜಿನ್ ಬಂದ್. ಎಲ್ಲರೂ ಗಾಡಿಯನ್ನು ಸುತ್ತುತ್ತಾರೆ, ನಿಧಾನವಾಗಿ. ಟೈರಿನಲ್ಲಿ ಗಾಳಿ, ಬಿರುಕು. ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಿದ ಗುರುತು. ಎಂಜಿನ್ ಆಯಿಲ್, ಕೂಲೆಂಟ್, ಹೈಡ್ರಾಲಿಕ್ ಎಣ್ಣೆಯ ಮಟ್ಟ. ಬಕೆಟ್ಟಿನ ಹಲ್ಲು, ಪಿನ್ನು, ಪಿನ್ನು ಕಳಚದಂತೆ ಹಿಡಿದಿಡುವ ಲಾಕು. ಗ್ರೀಸ್ ನಿಪ್ಪಲ್ಲುಗಳ ಬಾಯಿಗೆ ಮಣ್ಣು ಮೆತ್ತಿದೆಯೇ ಎಂದು ಬೆರಳಾಡಿಸುತ್ತಾರೆ. ಒಂದು ಹೋಸ್ ಪೈಪಿನ ಬಳಿ ಕಪ್ಪಗೆ ಒದ್ದೆಯಾಗಿದೆ. ಕುಂದಗೋಳದವರು ಅಭ್ಯಾಸಬಲದಿಂದ ಅದನ್ನು ಸವರಿ ನೋಡಲು ಕೈ ಚಾಚಿದರೋ ಇಲ್ಲವೋ, ಮೇಷ್ಟ್ರ ದನಿ ಏರಿತು. ‘ಅಣ್ಣಾರ, ಕೈ ತಗೀರಿ!’

ನೆಗೆತಕ್ಕೆ ಸಿಟ್ಟಾಗದ ಮನುಷ್ಯ ಇಲ್ಲಿ ಸಿಟ್ಟಾದದ್ದಕ್ಕೆ ಕಾರಣವಿದೆ. ಕಾರಿನ ಟೈರಿನ ಒತ್ತಡ ಸುಮಾರು 2 ಬಾರ್. ಈ ಪೈಪುಗಳಲ್ಲಿ ಕೆಲಸದ ಹೊತ್ತಿನಲ್ಲಿ ಹರಿಯುವ ಎಣ್ಣೆಯ ಒತ್ತಡ 200 ಬಾರ್ ದಾಟುತ್ತದೆ. ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ನೋವೂ ಮೊದಮೊದಲು ಅಷ್ಟಿಲ್ಲ. ಒಳಗೆ ಮಾಂಸ ಕೊಳೆಯತೊಡಗಿರುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೋ ಕೈಯೋ ಹೋಗಬಹುದು. ಸೋರಿಕೆ ಹುಡುಕಲು ಕೈ ಬೇಡ, ರಟ್ಟಿನ ತುಂಡು ಸಾಕು. ಮೇಷ್ಟ್ರು ಹಳೆಯ ಬಿಸ್ಕತ್ತಿನ ಡಬ್ಬಿ ಹರಿದು ಎಲ್ಲರ ಕೈಗೂ ಒಂದೊಂದು ಚೂರು ಕೊಟ್ಟರು.

ನಂತರ ಹತ್ತುವ ಪಾಠ. ಮೋರೆ ಯಂತ್ರದ ಕಡೆ, ಎರಡು ಕೈ ಒಂದು ಕಾಲು ಇಲ್ಲವೇ ಎರಡು ಕಾಲು ಒಂದು ಕೈ ಸದಾ ಅಂಟಿರಬೇಕು. ಲಿವರನ್ನಾಗಲಿ ಸ್ಟೇರಿಂಗನ್ನಾಗಲಿ ಹಿಡಿಕೆಯಾಗಿ ಬಳಸಬಾರದು. ಬೆಲ್ಟ್ ಹಾಕಬೇಕು. ಬೆಲ್ಟಿನ ಮಾತಿಗೆ ಹಿಂದಿನ ಸಾಲಿನಲ್ಲಿ ನಗು. ‘ಗಾಡಿ ಉರುಳಿದ್ರ ಜಿಗದು ಪಾರಾಗಾಕ ಬೆಲ್ಟ್ ಅಡ್ಡಿ ಅಲ್ರೀ?’ ಉರುಳುವ ಯಂತ್ರದಿಂದ ಜಿಗಿದವನು ಸಾಮಾನ್ಯವಾಗಿ ಬೀಳುವುದು ಅದು ಉರುಳುವ ಕಡೆಗೇ. ಅವನನ್ನು ಉಳಿಸಬೇಕಾದ ಕ್ಯಾಬಿನ್ನಿನ ಕಬ್ಬಿಣದ ಚೌಕಟ್ಟೇ ಅವನ ಮೇಲೆ ಬರುತ್ತದೆ.

ಬಿಸಿಲೇರಿದ ಮೇಲೆ ಶೆಡ್ಡಿನೊಳಗೆ ಟ್ಯಾಬಿನ ಅಭ್ಯಾಸ. ಪ್ರಶ್ನೆ ಕನ್ನಡದಲ್ಲೇ ಇದೆ, ಆದರೆ ಅದು ಕಚೇರಿ ಕನ್ನಡ. ‘ಸ್ಥಿರಕಾರಕ’ ಎಂದು ಓದಿ ಎಲ್ಲರೂ ಮುಖ ಮುಖ ನೋಡಿಕೊಂಡರು. ‘ಜಾಕ್ ಲೇ, ಹಿಂದಿನ ಜಾಕ್!’ ಎಂದ ಮೇಲೆ ಉತ್ತರ ತಾನಾಗಿ ಬಂತು. ಕುಂದಗೋಳದವರು ಒಂದು ಪ್ರಶ್ನೆಗೆ ಬಹಳ ಹೊತ್ತು ಒದ್ದಾಡಿ ತಲೆಯೆತ್ತಿದರು. ‘ಕೈಗೆ ಗೊತ್ತೈತ್ರಿ ಸರ, ಬಾಯಾಗ ಬರವಲ್ದು.’ ಐಎಸ್‌ಒ ಮಾದರಿಯಲ್ಲಿ ಎಡಗೈ ಲಿವರ್ ಮುಂದೆ ತಳ್ಳಿದರೆ ಏನಾಗುತ್ತದೆ ಎಂಬುದು ಪ್ರಶ್ನೆ. ಆ ಮಾದರಿಯಲ್ಲಿ ಬಕೆಟ್ ಹಿಡಿದ ತೋಳು ಎಡಗೈಗೆ, ಆ ತೋಳನ್ನು ಹೊತ್ತ ಬೂಮ್ ಬಲಗೈಗೆ. ಎಸ್‌ಎಇ ಮಾದರಿಯಲ್ಲಿ ಇದು ಅದಲುಬದಲು. ಒಂದರಲ್ಲಿ ಪಳಗಿದವನು ಇನ್ನೊಂದನ್ನು ಹತ್ತಿ, ನೋಡದೆ ಲಿವರ್ ಮುಂದೆ ತಳ್ಳಿದರೆ ಚಾಚಬೇಕಾದ ತೋಳಿನ ಬದಲು ಇಡೀ ಬೂಮ್ ಕೆಳಗಿಳಿಯುತ್ತದೆ. ಅವರು ಕಣ್ಣು ಮುಚ್ಚಿ, ಕುರ್ಚಿಯಲ್ಲೇ ಗಾಳಿಯಲ್ಲಿ ಎರಡೂ ಕೈ ಆಡಿಸಿ ನೋಡಿ, ಸರಿಯಾದ ಉತ್ತರ ಒತ್ತಿದರು.

ಇಡೀ ಕೋಣೆ ಸೋತ ಪ್ರಶ್ನೆ ಒಂದೇ. ನಿಮ್ಮ ಬೂಮ್ ಕರೆಂಟ್ ತಂತಿಗೆ ತಾಗಿದೆ, ಏನು ಮಾಡುತ್ತೀರಿ? ‘ಜಿಗದು ಓಡತೀವಿ’ ಎಂದು ಎಲ್ಲರ ಒಕ್ಕೊರಲು. ಓಡಿದವನು ಬದುಕುವುದು ಕಷ್ಟ. ಸೀಟಿನಲ್ಲಿ ಕೂತವನ ಸುತ್ತ ಕಬ್ಬಿಣವೆಲ್ಲ ಒಂದೇ ವೋಲ್ಟೇಜಿನಲ್ಲಿರುವುದರಿಂದ ಮೈಯೊಳಗೆ ವಿದ್ಯುತ್ ಹರಿಯುವುದಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಬಿದ್ದ ಕ್ಷಣವೇ ಅವನು ಅದಕ್ಕೆ ದಾರಿಯಾಗುತ್ತಾನೆ. ಆದ್ದರಿಂದ ಅಲ್ಲೇ ಕೂತಿರಬೇಕು, ಯಾರನ್ನೂ ಹತ್ತಿರ ಬಿಡಬಾರದು, ಹೆಸ್ಕಾಂನವರು ಲೈನ್ ತೆಗೆಯುವ ತನಕ ಕಾಯಬೇಕು. ಬೆಂಕಿ ಹತ್ತಿದರೆ ಮಾತ್ರ ಇಳಿಯುವುದು. ಅದೂ ಏನನ್ನೂ ಹಿಡಿಯದೆ, ಎರಡೂ ಪಾದ ಜೋಡಿಸಿ ಒಮ್ಮೆಗೇ ಜಿಗಿದು, ಪಾದ ಬಿಡಿಸದೆ ಸಣ್ಣ ಸಣ್ಣ ಕುಪ್ಪಳಿಕೆಯಲ್ಲಿ ದೂರ ಸರಿಯಬೇಕು. ತಂತಿಯಿಂದ ನೆಲಕ್ಕಿಳಿದ ವಿದ್ಯುತ್ತು ಸುತ್ತ ಹರಡಿರುತ್ತದೆ, ಹೆಜ್ಜೆ ಅಗಲಿಸಿದರೆ ಕಾಲಿಂದ ಕಾಲಿಗೆ ಹರಿಯುತ್ತದೆ. ಮೇಷ್ಟ್ರು ಎಲ್ಲರನ್ನೂ ಹೊರಗೆ ಕರೆದು ಇದನ್ನು ಮಾಡಿಸಿದರು. ಮೀಸೆ ಹೊತ್ತ ಗಂಡಸರು ಪಾದ ಜೋಡಿಸಿಕೊಂಡು ಬೇವಿನ ಮರದವರೆಗೆ ಕುಪ್ಪಳಿಸಿದರು. ಎಲ್ಲರಿಗೂ ನಗು, ಒಬ್ಬನ ಹೊರತು. ಅವನ ಊರಿನಲ್ಲಿ ಟಿಪ್ಪರ್ ಎತ್ತಿ ತಂತಿಗೆ ತಾಗಿಸಿ ಇಳಿಯಹೋದವನ ಕತೆ ಅವನಿಗೆ ಗೊತ್ತಿತ್ತು.

ಗುಂಡಿಯ ಪಾಠಕ್ಕೆ ಎರೆಮಣ್ಣೇ ಮೇಷ್ಟ್ರು. ಬೇಸಿಗೆಯಲ್ಲಿ ಬಿರಿದು, ಮಳೆಗೆ ಊದಿಕೊಳ್ಳುವ ಈ ಮಣ್ಣು ತೋಡಿದ ಕೂಡಲೇ ಗೋಡೆ ಕಟ್ಟಿದಷ್ಟು ನೆಟ್ಟಗೆ ನಿಲ್ಲುತ್ತದೆ. ಪೈಪು ಹಾಕಲು ಕೂಲಿಯಾಳು ಒಳಗಿಳಿದ ಮೇಲೆ ಸದ್ದಿಲ್ಲದೆ ಜಾರುತ್ತದೆ. ಒಂದು ಘನ ಮೀಟರ್ ಮಣ್ಣೆಂದರೆ ಒಂದೂವರೆ ಟನ್ನಿಗೂ ಮೇಲೆ, ಎದೆಯವರೆಗೆ ಹೂತರೂ ಉಸಿರು ನಿಲ್ಲುತ್ತದೆ. ಒಂದೂವರೆ ಮೀಟರಿಗಿಂತ ಆಳ ಹೋದರೆ ಪಕ್ಕಕ್ಕೆ ಹಲಗೆಯ ಆಧಾರ ಕೊಡಬೇಕು ಎಂದು ಭಾರತೀಯ ಮಾನಕವೇ ಹೇಳುತ್ತದೆ. ನಮ್ಮ ಊರುಗಳ ಒಳಚರಂಡಿ ಕಾಮಗಾರಿಯಲ್ಲಿ ಆ ಹಲಗೆಯನ್ನು ಎಷ್ಟು ಮಂದಿ ನೋಡಿದ್ದಾರೋ! ಪರೀಕ್ಷೆಯಲ್ಲಿ ಅಂಕ ಕಳೆಯುವುದು ಆಪರೇಟರನಿಗೆ, ಹಲಗೆ ತರಿಸಬೇಕಾದ ಗುತ್ತಿಗೆದಾರನಿಗೆ ಯಾವ ಪರೀಕ್ಷೆಯೂ ಇಲ್ಲ. ಈ ವ್ಯವಸ್ಥೆಯ ದೊಡ್ಡ ಓರೆ ಇದೇ ಎಂದು ನನಗನ್ನಿಸುತ್ತದೆ.

ಬಕೆಟ್ಟಿನಲ್ಲಿ ಜನರನ್ನು ಎತ್ತಬಾರದು ಎಂಬ ನಿಯಮ ಬಂದಾಗ ಶೆಡ್ಡಿನ ತುಂಬ ಗದ್ದಲ. 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಪಕ್ಷಭೇದವಿಲ್ಲದೆ ನಾಯಕರಿಗೆ ಜೆಸಿಬಿಯಿಂದ ಹೂಮಳೆ, ಕ್ರೇನಿನಿಂದ ಸೇಬಿನ ಹಾರ. ಹೂವಿನ ಜೊತೆ ಬಕೆಟ್ಟಿನಲ್ಲಿ ಅಭಿಮಾನಿಗಳೂ ನಿಂತಿದ್ದರು. ‘ನಾನೂ ಎತ್ತೀನ್ರಿ, ಒಳ್ಳೆ ರೊಕ್ಕ ಕೊಟ್ರು’ ಎಂದು ಒಬ್ಬ ಒಪ್ಪಿಕೊಂಡ. ಬರೆದುಕೊಳ್ಳಿ ಎಂದರು ಮೇಷ್ಟ್ರು. ಬರೆದುಕೊಂಡರು. ಮುಂದಿನ ಚುನಾವಣೆಗೆ ಏನಾಗುವುದೋ ಅದು ಬೇರೆ.

ಸಂಜೆ ಪ್ರಾಯೋಗಿಕ. ಇಲ್ಲಿ ಕಲಿಸಲು ಹೆಚ್ಚೇನೂ ಉಳಿದಿಲ್ಲ. ಕುಂದಗೋಳದವರು ಸುಣ್ಣದ ಗೆರೆಗೆ ಬೆರಳಗಲ ತಪ್ಪದಂತೆ ಕಾಲುವೆ ತೋಡಿ, ತಳವನ್ನು ಬಕೆಟ್ಟಿನ ಬೆನ್ನಿನಲ್ಲೇ ಸವರಿ ಚಾಪೆ ಹಾಸುವಷ್ಟು ಸಮ ಮಾಡಿದರು. ಅಂಕ ಹೋಗುವುದು ಕೊನೆಯ ನಿಮಿಷಗಳಲ್ಲಿ. ಟಿಪ್ಪರಿನ ಕ್ಯಾಬಿನ್ ಮೇಲಿಂದ ಬಕೆಟ್ ತಿರುಗಿಸಿದರೆ, ಬಿಸಿ ಎಂಜಿನ್ನನ್ನು ಒಂದಿಷ್ಟು ಹೊತ್ತು ಐಡಲ್‌ನಲ್ಲಿ ಬಿಡದೆ ಆಫ್ ಮಾಡಿದರೆ, ಬಕೆಟ್ಟನ್ನು ನೆಲಕ್ಕೂರದೆ ಇಳಿದರೆ, ಹ್ಯಾಂಡ್‌ಬ್ರೇಕ್ ಮರೆತರೆ. ಕೈಸನ್ನೆಯಲ್ಲೂ ಹಾಗೆಯೇ. ಸನ್ನೆ ಕೊಡುವವನು ಒಬ್ಬನೇ ಇರಬೇಕು, ಬೇರೆ ಯಾರ ಮಾತೂ ಕೇಳಬಾರದು. ‘ನಿಲ್ಲಿಸು’ ಎಂಬ ಸನ್ನೆ ಮಾತ್ರ ದಾರಿಹೋಕ ಕೊಟ್ಟರೂ ನಿಲ್ಲಿಸಬೇಕು.

ಕತ್ತಲಾಗುವ ಮುಂಚೆ ಯಾದಗಿರಿಯ ಹುಡುಗ ಕೇಳಿದ ಪ್ರಶ್ನೆಗೆ ಮಾತ್ರ ಮೇಷ್ಟ್ರ ಬಳಿ ಸಲೀಸಾದ ಉತ್ತರ ಇರಲಿಲ್ಲ. ‘ಸರ, ಇದೆಲ್ಲಾ ಖರೆ. ಆದ್ರ ನಮಗ ಬಾಡಿಗಿ ಗಂಟೆ ಲೆಕ್ಕದಾಗ. ಮೀಟರ್ ತಿರುಗೂದು ಎಂಜಿನ್ ಚಾಲೂ ಇದ್ದಾಗ. ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಗಾಡಿ ಸುತ್ತಿದ್ರ ಅದರ ರೊಕ್ಕ ಯಾರು ಕೊಡತಾರ?’ ಮಾಲೀಕ ಕೊಡುವುದಿಲ್ಲ. ಬಾಡಿಗೆಗೆ ಕರೆಸಿದವನು, ಡ್ರೈವರ್ ಬೀಡಿ ಸೇದುತ್ತ ಕಾಲ ಕಳೆಯುತ್ತಿದ್ದಾನೆ ಎಂದು ಗೊಣಗುತ್ತಾನೆ. 2019ರಲ್ಲಿ ಜೆಸಿಬಿ ಅಗೆಯುವುದನ್ನು ಗುಂಪುಗೂಡಿ ನೋಡುವುದೇ ದೇಶಕ್ಕೆಲ್ಲ ತಮಾಷೆಯಾಗಿತ್ತು. ಅಗೆಯುವ ಮುಂಚೆ ಡ್ರೈವರ್ ಏನು ಮಾಡುತ್ತಾನೆ ಎಂದು ನೋಡಲು ಯಾರೂ ನಿಂತದ್ದಿಲ್ಲ.

ಈ ಬರಹ ಓದುವವರಲ್ಲಿ ಹೆಚ್ಚಿನವರು ಎಂದಾದರೂ ಒಮ್ಮೆ ಪಾಯಕ್ಕೋ, ಬದುವಿಗೋ, ಕೊಳವೆ ಹೂಳುವುದಕ್ಕೋ ಜೆಸಿಬಿ ಕರೆಸುವವರೇ. ಆ ದಿನ ಡ್ರೈವರನ ಲೈಸೆನ್ಸ್ ಕೇಳಿ, ಸರ್ಟಿಫಿಕೇಟ್ ಇದೆಯೇ ಎಂದೂ ಕೇಳಿ. ನೆಲದಡಿಯ ಕೇಬಲ್ಲು, ಪೈಪು ಎಲ್ಲಿವೆ ಎಂದು ಮೊದಲೇ ತೋರಿಸಿ. ಮಕ್ಕಳನ್ನು ದೂರ ನಿಲ್ಲಿಸಿ, ದಂಡೆಯ ಮೇಲೆ ನಿಂತು ಹತ್ತು ಜನ ಕೂಗುವ ಬದಲು ಸನ್ನೆಗೆ ಒಬ್ಬರನ್ನೇ ನೇಮಿಸಿ. ಅವನು ಕೀಲಿ ತಿರುವುವ ಮುಂಚೆ ಕೈಯಲ್ಲೊಂದು ರಟ್ಟಿನ ಚೂರು ಹಿಡಿದು ಗಾಡಿಯ ಸುತ್ತ ಹೋದರೆ ಅವಸರ ಮಾಡಬೇಡಿ, ಆ ಹತ್ತು ನಿಮಿಷವನ್ನೂ ಬಾಡಿಗೆಗೆ ಸೇರಿಸಿ ಕೊಡಿ.