ಬಾಗಿಲು ಮುಚ್ಚಿದ ದ್ವೀಪ

ಫಿಲಿಪ್ಪೀನ್ಸ್ ದೇಶದ ಬೊರಾಕಾಯ್ ಹತ್ತು ಚದರ ಕಿಲೋಮೀಟರಿನಷ್ಟು ಪುಟ್ಟ ದ್ವೀಪ. ನಾಲ್ಕು ಕಿಲೋಮೀಟರುಗಳುದ್ದಕ್ಕೂ ಹರಡಿರುವ, ಹಿಟ್ಟಿನಂತೆ ನುಣುಪಾದ ಬಿಳಿಯ ಮರಳೇ ಅದರ ಭಾಗ್ಯ. ಆ ಭಾಗ್ಯವೇ ಅದಕ್ಕೆ ಮುಳುವಾಯಿತು. 2017ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರು ಸುಮಾರು 20 ಲಕ್ಷ!

ಕಟ್ಟಳೆ ಇರಲಿಲ್ಲವೆಂದಲ್ಲ. 2006ರಲ್ಲಿಯೇ ಸರ್ಕಾರವು ದ್ವೀಪದ 400 ಹೆಕ್ಟೇರುಗಳನ್ನು ಅರಣ್ಯವೆಂದು ಮೀಸಲಿರಿಸಿತ್ತು. ಆದರೆ ಗೆರೆ ಕಾಗದದ ಮೇಲುಳಿಯಿತು. ಹೋಟೆಲುಗಳು ಕಾಡಿಗೂ ಕಡಲಂಚಿಗೂ ನುಗ್ಗಿದವು. ಮಳೆನೀರನ್ನು ಹಿಡಿದಿಡುವ ಜೌಗುನೆಲದ ಮೇಲೂ ಕಟ್ಟಡಗಳೆದ್ದವು. ಕೊಳಚೆ ಸಮುದ್ರವನ್ನು ಸೇರಿತು.

ಕೊನೆಗೆ 2018ರ ಏಪ್ರಿಲ್ 26ರಂದು ಸರ್ಕಾರವು ದ್ವೀಪವನ್ನು ಆರು ತಿಂಗಳ ಕಾಲ ಪ್ರವಾಸಿಗರಿಗೆ ಮುಚ್ಚಿತು. ತೀರದಿಂದ 30 ಮೀಟರಿನೊಳಗೆ ತಲೆಯೆತ್ತಿದ್ದ ಕಟ್ಟಡಗಳನ್ನು ಕೆಡಹಲಾರಂಭಿಸಿತು. ಏಕಕಾಲದಲ್ಲಿ ಅಲ್ಲಿರಬಹುದಾದ ಪ್ರವಾಸಿಗರ ಸಂಖ್ಯೆಯನ್ನು 19,215ಕ್ಕೆ ಮಿತಗೊಳಿಸಿತು.

ಅಕ್ಟೋಬರಿನಲ್ಲಿ ಬಾಗಿಲು ತೆರೆದಾಗ ನೀರು ತಿಳಿಯಾಗಿತ್ತು, ನಿಜ. ಆದರೆ ಅದರ ಬೆಲೆಯನ್ನು ತೆತ್ತವರಲ್ಲಿ ಕಾಡು ಕಡಿದವರಷ್ಟೇ ಅಲ್ಲ, ಆರು ತಿಂಗಳು ಕೂಲಿಯಿಲ್ಲದೆ ಕುಳಿತ ಅಂಬಿಗರೂ ಹೋಟೆಲಿನ ಆಳುಗಳೂ ಇದ್ದರು.

ಪಂಕ್ತಿಯಲ್ಲಿ ಎಷ್ಟು ಎಲೆ ಹಿಡಿಸೀತೆಂದು ಎಣಿಸಿದ ಬಳಿಕವೇ ನಮ್ಮ ಗೃಹಿಣಿ ಅತಿಥಿಗಳನ್ನು ಕರೆಯುತ್ತಾಳೆ. ದ್ವೀಪಗಳಿಗೆ ಬೇಕಾದುದೂ ಅದೇ ವಿವೇಕ.