ಕಾರ್ಖಾನೆಯ ಕೈಬರಹ

ನನಗೆ ಮೋಟಾರು ನಡೆಸಲು ಬಾರದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದವನು ನಾನು. ಅಂಥವನು ಅಮೆರಿಕದ ಹಳೆಯ ಕಾರುಗಳ ಜೀರ್ಣೋದ್ಧಾರವನ್ನು ಕುರಿತು ಮಾತನಾಡಹೊರಟರೆ ಕೇಳುವವರಿಗೆ ನಗು ಬಂದೀತು. ಆದರೆ ಆ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ, ಅದು ನನ್ನ ಕಸುಬಿನ ದಾಯಾದಿಯೇ ಎಂದು ನನಗೆ ಮನವರಿಕೆಯಾಗಿದೆ. ಆದ್ದರಿಂದ ಈ ಸಾಹಸ.

ಎರಡು ವರ್ಷಗಳ ಹಿಂದೆ, ಡೆಟ್ರಾಯಿಟ್ ನಗರದ ಸಮೀಪದಲ್ಲಿರುವ ಮಗಳ ಮನೆಯಲ್ಲಿ ಒಂದು ಬೇಸಗೆಯನ್ನು ಕಳೆದೆ. ನೆರೆಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದರು. ಅವರ ಗ್ಯಾರೇಜಿನಲ್ಲಿ 1969ರ ಷೆವ್ರೊಲೆ ಕಮಾರೊ ಕಾರೊಂದು ಬಿಡಿಬಿಡಿಯಾಗಿ ಬಿದ್ದಿತ್ತು. ಒಂದು ಮಧ್ಯಾಹ್ನ ನಾನು ಹೋದಾಗ ಅವರು ಕಾರಿನ ಒಡಲಿನ ಕೆಳಗೆ ಅಂಗಾತ ಮಲಗಿ, ಹಲ್ಲುಜ್ಜುವ ಕುಂಚದಂಥ ಮೆತ್ತನೆಯ ಕುಂಚದಿಂದ ಅಂಗೈಯಗಲದ ಜಾಗವನ್ನು ಮೆಲ್ಲಮೆಲ್ಲನೆ ಒರಸುತ್ತಿದ್ದರು. ಸಂಜೆಯಾದರೂ ಕೆಲಸ ಮುಗಿಯಲಿಲ್ಲ. ಏನಿದು ಎಂದು ಕೇಳಿದೆ. ಅವರು ನನ್ನನ್ನು ಬಗ್ಗಿಸಿ ದೀಪ ಹಿಡಿದು ತೋರಿಸಿದರು. ಐವತ್ತು ವರ್ಷಗಳ ಜಿಡ್ಡಿನ ಕೆಳಗಿನಿಂದ, ಹಳದಿ ಮೇಣದ ಬಳಪದಲ್ಲಿ ಯಾರೋ ಅವಸರದಿಂದ ಗೀಚಿದ ಒಂದು ಗುರುತು ಮೇಲೆದ್ದು ಬರುತ್ತಿತ್ತು.

“ಪ್ರೊಫೆಸರ್, ಇದನ್ನು ಬರೆದವನು ಯಾರೆಂದು ಯಾರಿಗೂ ಗೊತ್ತಿಲ್ಲ. ಆದರೆ ಅವನು ಇಲ್ಲಿ ನಿಂತಿದ್ದ. ನಾನು ಹೊಸ ಬಣ್ಣ ಬಳಿಯುವ ಮೊದಲು ಇದರ ಅಳತೆ ತೆಗೆದುಕೊಳ್ಳಬೇಕು. ಬಳಿದ ಮೇಲೆ ಇದನ್ನು ಇದ್ದ ಕಡೆಯಲ್ಲಿಯೇ, ಇದ್ದ ಹಾಗೆಯೇ ಮತ್ತೆ ಬರೆಯಬೇಕು” ಎಂದರು.

ಓಲೆಗರಿಗೆ ಮಸಿ ಸವರಿ ಒರಸಿದಾಗ, ಅದುವರೆಗೆ ಕಾಣದಿದ್ದ ಅಕ್ಷರಗಳು ಒಂದೊಂದಾಗಿ ಮೂಡುವುದನ್ನು ಕಂಡವರಿಗೆ ಆ ಕ್ಷಣ ನನಗೇನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾರುಗಳ ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಸಾಧಾರಣ ಬೆಲೆಯ ಹಗುರವಾದ ಒಡಲಿನೊಳಗೆ ಎಂಟು ಸಿಲಿಂಡರುಗಳ ಭಾರಿ ಎಂಜಿನ್ನನ್ನು ಕೂರಿಸಿದ ವಾಹನಕ್ಕೆ ಅಮೆರಿಕನ್ನರು ‘ಮಸಲ್ ಕಾರು’ ಎನ್ನುತ್ತಾರೆ. ಕಟ್ಟುಮಸ್ತಾದ ಕಾರು ಎಂದು ಅರ್ಥಮಾಡಿಕೊಳ್ಳಬಹುದು. 1964ರಲ್ಲಿ ಪಾಂಟಿಯಾಕಿನವರು ತಂದ ಜಿ.ಟಿ.ಒ. ಈ ವಂಶದ ಮೂಲಪುರುಷನೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಮಾತೃಸಂಸ್ಥೆಯಾದ ಜನರಲ್ ಮೋಟಾರ್ಸ್ ಕಟ್ಟಳೆ ಮಾಡಿತ್ತು. ಪಾಂಟಿಯಾಕಿನವರು 389 ಘನ ಅಂಗುಲದ ಎಂಜಿನ್ನನ್ನು ‘ಗಿರಾಕಿ ಕೇಳಿದರೆ ಕೊಡುವ ಹೆಚ್ಚುವರಿ’ ಎಂದು ಪಟ್ಟಿಗೆ ಸೇರಿಸಿ, ಕಟ್ಟಳೆಯ ಪಕ್ಕದಲ್ಲಿ ನುಸುಳಿಕೊಂಡರು. ಹತ್ತು ವರ್ಷ ಈ ಜಾತಿ ಮೆರೆಯಿತು. ಆಮೇಲೆ ಹೊಗೆಯ ಮೇಲಿನ ಕಾನೂನುಗಳು, ಏರಿದ ವಿಮೆಯ ದರ, 1973ರ ತೈಲದ ಬಿಕ್ಕಟ್ಟು ಎಲ್ಲ ಸೇರಿ ಅದರ ಕಥೆಯನ್ನು ಮುಗಿಸಿದವು. ಹುಡುಗರು ಪಂದ್ಯ ಓಡಿಸಿ, ಎಂಜಿನ್ ಒಡೆದು, ಬೇರೆ ಎಂಜಿನ್ ಕೂರಿಸಿ, ಕೊನೆಗೆ ಹಿತ್ತಲಿಗೆ ತಳ್ಳಿದ ಕಾರುಗಳೇ ಇಂದು ಭಾರಿ ಬೆಲೆಗೆ ಮಾರಾಟವಾಗುತ್ತಿವೆ.

ನನ್ನ ನೆರೆಯವರ ಕಾರು ಕಮಾರೊಗಳಲ್ಲಿ ‘ಝಡ್-28’ ಎಂಬ ಬಗೆಯದು. ಐದು ಲೀಟರಿನ ಮಿತಿಯಿದ್ದ ಟ್ರಾನ್ಸ್-ಆಮ್ ಪಂದ್ಯಕ್ಕಾಗಿ ಹುಟ್ಟಿದ್ದು. ಎಂಜಿನ್ನು 302 ಘನ ಅಂಗುಲ. 1969ರ ಮಾದರಿಯ ಕಮಾರೊಗಳು ಒಟ್ಟು 2,43,085 ತಯಾರಾದವು. ಅವುಗಳಲ್ಲಿ ಝಡ್-28 ಕಾರುಗಳು 20,302 ಮಾತ್ರ.

ಈ ಕಾರನ್ನು ರಿಪೇರಿ ಮಾಡುವುದು ಬೇರೆ, ಕಾರ್ಖಾನೆಯಿಂದ ಹೊರಬಿದ್ದಂತೆ ಮಾಡುವುದು ಬೇರೆ. ನೀರಿನ ರಬ್ಬರ್ ಕೊಳವೆಯನ್ನು ಬಿಗಿಯುವ ಪಟ್ಟಿಯನ್ನೇ ನೋಡಿ. ಇಂದು ಯಾವ ಅಂಗಡಿಯಲ್ಲಾದರೂ ಸಿಗುವ, ತಿರುಪು ತಿರುಗಿಸಿ ಬಿಗಿಯುವ ಪಟ್ಟಿ ನೀರು ಸೋರದಂತೆ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ 1969ರಲ್ಲಿ ಅಲ್ಲಿದ್ದುದು ಪುಟ್ಟ ಗೋಪುರದಂತೆ ತಲೆಯೆತ್ತಿ ನಿಂತ ಬೇರೆ ಬಗೆಯ ಪಟ್ಟಿ. ಬೋಲ್ಟುಗಳ ತಲೆಯ ಮೇಲೆ ಅವುಗಳನ್ನು ತಯಾರಿಸಿದವರ ಅಕ್ಷರಗಳಿರುತ್ತವೆ, ಅವೂ ಹೊಂದಬೇಕು. ಕಿಟಕಿಯ ಗಾಜಿನ ಮೂಲೆಯಲ್ಲಿ ಅದು ತಯಾರಾದ ತಿಂಗಳನ್ನೂ ವರ್ಷವನ್ನೂ ಎರಡು ಅಕ್ಷರಗಳಲ್ಲಿ ಗುಪ್ತವಾಗಿ ನಮೂದಿಸಿರುತ್ತಾರೆ. ಕಾರಿಗಿಂತ ಗಾಜು ಕಿರಿಯದಾದರೆ ಅದು ಆಮೇಲೆ ಹಾಕಿದ್ದೆಂದು ಜಾಣರು ಹೇಳಿಬಿಡುತ್ತಾರೆ. ನಮ್ಮ ಶಾಸ್ತ್ರದಲ್ಲಿ ಇಂಥದನ್ನು ಪ್ರಕ್ಷಿಪ್ತ ಎನ್ನುತ್ತೇವೆ.

ಕಾಲನಿರ್ಣಯದ ಈ ಪದ್ಧತಿ ಎಂಜಿನ್ನಿನಲ್ಲಿ ಇನ್ನೂ ಸೂಕ್ಷ್ಮ. ಎರಕದ ಮೇಲೆ ‘ಸಿ 28 9’ ಎಂದಿದ್ದರೆ, ಇಂಗ್ಲಿಷ್ ಅಕ್ಷರಮಾಲೆಯ ಮೂರನೆಯ ಅಕ್ಷರವಾದ್ದರಿಂದ ಮೂರನೆಯ ತಿಂಗಳು. ಅಂದರೆ 1969ರ ಮಾರ್ಚಿ 28. ಎಂಜಿನ್ನಿನ ಮುಂಭಾಗದ ನುಣುಪಾದ ಪಟ್ಟಿಕೆಯ ಮೇಲೆ ‘ವಿ0410ಡಿಝಡ್’ ಎಂದು ಒತ್ತಿದ್ದರೆ, ಫ್ಲಿಂಟ್ ಊರಿನ ಕಾರ್ಖಾನೆಯಲ್ಲಿ ಏಪ್ರಿಲ್ 10ರಂದು ಜೋಡಿಸಿದ ಝಡ್-28ರ ಎಂಜಿನ್. ಒಡಲಿಗೆ ಹೊಡೆದ ತಗಡಿನ ಮೇಲೆ ‘04ಸಿ’ ಎಂದಿದ್ದರೆ ಆ ಒಡಲು ಏಪ್ರಿಲ್ ತಿಂಗಳ ಮೂರನೆಯ ವಾರದ್ದು. ಎರಕ, ಜೋಡಣೆ, ಒಡಲು ಎಂಬ ಮೂರೂ ಈ ಕ್ರಮದಲ್ಲಿ ಒಂದರ ಹಿಂದೊಂದು ಬಂದರೆ ಸಾಕ್ಷ್ಯ ಕೂಡಿಬರುತ್ತದೆ. ಕ್ರಮ ತಪ್ಪಿದರೆ ಎಲ್ಲೋ ಸುಳ್ಳಿದೆ, ಇಲ್ಲವೆ ಬದಲಾವಣೆಯಿದೆ.

ಒಂದು ಕಾರಿಗೆ ಸರಿಯಾದದ್ದು ಇನ್ನೊಂದಕ್ಕೆ ಸರಿಯೆಂದು ಹೇಳುವಂತೆಯೂ ಇಲ್ಲ. 1969ರ ಕಮಾರೊ ಎರಡು ಕಡೆ ತಯಾರಾಗುತ್ತಿತ್ತು: ಓಹಾಯೋದ ನಾರ್‌ವುಡ್ಡಿನಲ್ಲಿ, ಕ್ಯಾಲಿಫೋರ್ನಿಯಾದ ವ್ಯಾನ್‌ನೈಸಿನಲ್ಲಿ. ಒಡಲ ತಗಡಿನ ಮೇಲೆ ‘ಎಕ್ಸ್’ ಅಕ್ಷರದ ಜೊತೆಗೆ ಎರಡು ಅಂಕಿಗಳನ್ನು ಹೊಡೆಯುವ ರೂಢಿ ನಾರ್‌ವುಡ್ಡಿನದು ಮಾತ್ರ. ಅಲ್ಲಿಯೂ ಅದು ಆರಂಭವಾದದ್ದು 1968ರ ಕೊನೆಯಲ್ಲಿ. ವ್ಯಾನ್‌ನೈಸಿನ ಕಾರಿನಲ್ಲಿ ಅದನ್ನು ಹುಡುಕುವುದು ತಪ್ಪು, ಇದ್ದರೆ ಅನುಮಾನಿಸಬೇಕಾದದ್ದು. ಒಂದೇ ಕಾವ್ಯದ ಪ್ರತಿಗಳು ಎರಡು ಮಠಗಳಲ್ಲಿ ಬೆಳೆದು ಎರಡು ಪಾಠಪರಂಪರೆಗಳಾಗುವಂತೆ ಇದೂ.

ಇಷ್ಟೆಲ್ಲ ಶ್ರಮ ಏಕೆ ಎಂದು ನೀವು ಕೇಳಬಹುದು. ಮೊದಲನೆಯ ಕಾರಣ, ಮೋಸ. ಆ ವರ್ಷದ ಕಮಾರೊ ಕಾರಿಗೆ ಕಾರ್ಖಾನೆಯಲ್ಲಿ ಕೊಟ್ಟ ಗುರುತಿನ ಸಂಖ್ಯೆ ಎಂಜಿನ್ನು ಆರು ಸಿಲಿಂಡರಿನದೋ ಎಂಟರದೋ ಎಂಬುದನ್ನು ಹೇಳುತ್ತದೆ. ಕಾರು ಝಡ್-28 ಹೌದೋ ಅಲ್ಲವೋ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಸಾಮಾನ್ಯ ಕಮಾರೊ ಒಂದಕ್ಕೆ ಪಟ್ಟೆ ಬಳಿದು, ಬೇಕಾದ ಬಿಡಿಭಾಗ ಹಾಕಿ, ಝಡ್-28 ಎಂದು ಮಾರಲು ಅವಕಾಶವುಂಟು. ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಆ ಕಾರಿಗೆ ಏನೇನು ಹಾಕಬೇಕೆಂದು ತಿಳಿಸುತ್ತಿದ್ದ ಒಂದು ಕಾಗದವಿರುತ್ತಿತ್ತು. ಕೆಲಸ ಮುಗಿದ ಮೇಲೆ ಅದನ್ನು ಅಲ್ಲಿಯೇ ಬಿಟ್ಟುಬಿಡುತ್ತಿದ್ದುದುಂಟು. ಸೀಟಿನ ಸ್ಪ್ರಿಂಗುಗಳ ನಡುವೆಯೋ ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆಯೋ ಅದು ಸಿಕ್ಕರೆ, ಓಲೆಯ ಕಟ್ಟಿನ ಕೊನೆಯಲ್ಲಿ ಪ್ರತಿಕಾರನ ಪುಷ್ಪಿಕೆ ಸಿಕ್ಕಷ್ಟು ಸಂತೋಷ. ಅದು ಇಲ್ಲದಿದ್ದಾಗ ಮೇಲೆ ಹೇಳಿದ ಸಣ್ಣ ಸಣ್ಣ ಗುರುತುಗಳೇ ಸಾಕ್ಷಿ.

ಸಾಕ್ಷಿ ಇದ್ದೆಡೆ ಕೂಟಸಾಕ್ಷಿಯೂ ಇರುತ್ತದೆ. ಎಂಜಿನ್ನಿನ ಪಟ್ಟಿಕೆಯನ್ನು ಕಾರ್ಖಾನೆಯ ಯಂತ್ರ ಕೊರೆದಾಗ ಕೂದಲೆಳೆಯಂಥ ನೇರ ಗೀರುಗಳು ಉಳಿಯುತ್ತವೆ. ಹಳೆಯ ಸಂಖ್ಯೆಯನ್ನು ಉಜ್ಜಿ ಹೊಸದನ್ನು ಒತ್ತಿದವನ ಕೈಯಲ್ಲಿ ಆ ಗೀರುಗಳು ಅಳಿಸಿಹೋಗುತ್ತವೆ. ಪರೀಕ್ಷಕರು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಸಂಖ್ಯೆಯನ್ನಲ್ಲ, ಸಂಖ್ಯೆಯ ಕೆಳಗಿನ ಆ ಗೀರುಗಳನ್ನು. ಗಂಗರ ಹೆಸರಿನ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ಪಂಡಿತರು ವಾದಿಸಿದಾಗ, ಹೇಳಿಕೊಂಡ ಕಾಲಕ್ಕೆ ಲಿಪಿ ಹೊಂದುವುದೇ ಎಂಬುದು ಅವರ ಮುಖ್ಯ ಒರೆಗಲ್ಲುಗಳಲ್ಲಿ ಒಂದಾಗಿತ್ತು. ವಿದ್ಯೆ ಒಂದೇ.

ಎರಡನೆಯ ಕಾರಣ ಮೋಸಕ್ಕಿಂತ ಸೂಕ್ಷ್ಮವಾದದ್ದು: ಪ್ರೀತಿಯಿಂದ ಮಾಡುವ ತಪ್ಪು. ಅಂದಿನ ಜನರಲ್ ಮೋಟಾರ್ಸ್ ಕಾರುಗಳಿಗೆ ಬಳಿಯುತ್ತಿದ್ದುದು ಅಕ್ರಿಲಿಕ್ ಲ್ಯಾಕರ್ ಎಂಬ ಬಣ್ಣ. ಕಣ್ಣಿಗೆ ಬೀಳುವ ಕಡೆ ಉಜ್ಜಿ ಹೊಳಪು ಕೊಡುತ್ತಿದ್ದರು; ಮರೆಯಲ್ಲಿದ್ದ ಕಡೆ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿ ಬಿಟ್ಟುಬಿಡುತ್ತಿದ್ದರು. ಎಂಜಿನ್ನಿಗೆ ಕಿತ್ತಳೆ ಬಣ್ಣವನ್ನು ಸಿಂಪಡಿಸುವಾಗ ಹೊಗೆ ಹೋಗುವ ಕೊಳವೆಗಳ ಮೇಲೂ ಅದು ಚದುರಿ ಬೀಳುತ್ತಿತ್ತು. ಎಂಜಿನ್ ಕಾದೊಡನೆ ಸುಟ್ಟುಹೋಗುತ್ತಿತ್ತು. ಇಂದಿನ ಕುಶಲಕರ್ಮಿ ಇವೆಲ್ಲವನ್ನೂ ತಿದ್ದಿಬಿಡಬಲ್ಲ. ತರಿಯಿಲ್ಲದೆ ಕನ್ನಡಿಯಂತೆ ಹೊಳೆಯಿಸಬಲ್ಲ. ಹಾಗೆ ಮಾಡಿದ ಕಾರು ಚೆಲುವಾಗಿರುತ್ತದೆ, ಆದರೆ ಅಂಥ ಕಾರು 1969ರಲ್ಲಿ ಇರಲಿಲ್ಲ. ಅಮೆರಿಕದ ಪ್ರಾಚೀನ ಮೋಟಾರು ಸಂಘವೊಂದು 1935ರಿಂದ ನಡೆಯುತ್ತಿದೆ. ಅದರ ತೀರ್ಪುಗಾರರು 400 ಅಂಕಗಳ ಪಟ್ಟಿ ಹಿಡಿದು ಕಾರನ್ನು ನೋಡುತ್ತಾರೆ. ಕಾರ್ಖಾನೆಯಿಂದ ಹೊರಟಾಗ ಕಾರು ಹೇಗಿತ್ತೋ ಅದೇ ಅವರ ಅಳತೆಗೋಲು. ಜೀರ್ಣೋದ್ಧಾರವನ್ನೇ ಮಾಡದೆ ಉಳಿದುಬಂದ ಕಾರುಗಳಿಗೆ ಬೇರೆಯೇ ಒಂದು ವಿಭಾಗವಿದೆ. ಹಳೆಯ ದೇವಾಲಯದ ಕಲ್ಲುಕಂಬಗಳಿಗೆ ಭಕ್ತಿಯಿಂದ ಎಣ್ಣೆಬಣ್ಣ ಬಳಿದದ್ದನ್ನು ಕಂಡ ನಮಗೆ ಈ ನಿಯಮದ ಬೆಲೆ ತಿಳಿಯದಿರದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಹೊಸದಾಗಿ ಅಧ್ಯಾಪಕನಾಗಿದ್ದಾಗ, ಒಂದೇ ಒಂದು ಓಲೆಗರಿಯ ಪ್ರತಿಯಿಂದ ಸಣ್ಣದೊಂದು ಸಾಂಗತ್ಯ ಕೃತಿಯನ್ನು ಸಂಪಾದಿಸಿದೆ. ಡಿ. ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯನ್ನು ಕುರಿತು ಬರೆದ ಪುಸ್ತಕವನ್ನು ಓದಿದ್ದೆ. ಪರೀಕ್ಷೆಗಾಗಿ ಓದಿದ್ದೆ ಎನ್ನುವುದೇ ನಿಜ. ಒಂದು ಪದ್ಯದಲ್ಲಿ ಯುವಕನೊಬ್ಬನ ಕೈಯಲ್ಲಿ ‘ಮೇಣಿ’ ಇದ್ದಿತೆಂದು ಓಲೆ ಹೇಳುತ್ತಿತ್ತು. ಪೇಟೆಯಲ್ಲಿ ಬೆಳೆದ ನನಗೆ ಆ ಮಾತು ತಿಳಿಯದು. ಮುಂದಿನ ಪದ್ಯದಲ್ಲಿ ಅವನ ಮಡದಿ ಬರುತ್ತಾಳೆ. ಮಕಾರ ವಕಾರಗಳನ್ನು ಪ್ರತಿಕಾರರು ಒಂದಕ್ಕೊಂದು ಬೆರಸುವುದು ಸಾಮಾನ್ಯ. ಇಷ್ಟು ಸಾಕಾಯಿತು ನನಗೆ. ‘ವೇಣಿ’ ಎಂದು ತಿದ್ದಿದೆ. ಅವನ ಕೈಗೆ ಹೆಂಡತಿಯ ಜಡೆಯನ್ನು ಕೊಟ್ಟೆ. ಛಂದಸ್ಸು ಕೆಡಲಿಲ್ಲ, ಶೃಂಗಾರವೂ ಕೂಡಿಬಂತು. ಮುನ್ನುಡಿಯಲ್ಲಿ ಈ ತಿದ್ದುಪಡಿಯ ಬಗೆಗೆ ಹೆಮ್ಮೆಯಿಂದ ಬರೆದುಕೊಂಡೆ.

ಹತ್ತು ವರ್ಷಗಳ ತರುವಾಯ ಹಳ್ಳಿಯೊಂದರ ಹೊಲದ ಬದುವಿನಲ್ಲಿ ನಿಂತಿದ್ದಾಗ, ರೈತರೊಬ್ಬರು ಮಗನಿಗೆ “ಮೇಣಿ ಗಟ್ಟಿಯಾಗಿ ಹಿಡಿಯೋ” ಎಂದು ಕೂಗಿದರು. ಮೇಣಿ ಎಂದರೆ ನೇಗಿಲ ಹಿಡಿ. ನಿಘಂಟಿನಲ್ಲಿಯೂ ಇತ್ತು; ತೆರೆದು ನೋಡುವ ತಾಳ್ಮೆ ನನಗಿರಲಿಲ್ಲ, ಅಷ್ಟೆ. ಓಲೆಯನ್ನು ಮತ್ತೆ ನೋಡೋಣವೆಂದು ಅದರ ಮನೆಯವರಲ್ಲಿಗೆ ಹೋದೆ. ಕಟ್ಟು ಗೆದ್ದಲಿನ ಪಾಲಾಗಿತ್ತು. ಉಳುವವನ ಕೈಯಿಂದ ನೇಗಿಲನ್ನು ಕಿತ್ತುಕೊಂಡ ನನ್ನ ಅಚ್ಚಿನ ಪ್ರತಿಯೊಂದೇ ಇಂದು ಲೋಕದಲ್ಲಿ ಉಳಿದಿರುವುದು.

ಈ ಕಥೆಯನ್ನು ನೆರೆಯವರಿಗೆ ಹೇಳಿದೆ. ಅವರು ನಗಲಿಲ್ಲ. ನಾರ್‌ವುಡ್ಡಿನ ಕಾರ್ಖಾನೆ 1987ರಲ್ಲಿ ಮುಚ್ಚಿತು, ವ್ಯಾನ್‌ನೈಸಿನದು 1992ರಲ್ಲಿ. ಅಲ್ಲಿ ದುಡಿದವರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. “ನಾನು ಒರಸಿದ್ದು ಇನ್ನೆಲ್ಲಿಯೂ ಇರುವುದಿಲ್ಲ, ಪ್ರೊಫೆಸರ್. ಅದಕ್ಕೇ ಕೈ ನಡುಗುತ್ತದೆ” ಎಂದರು.

ನಾನು ಊರಿಗೆ ಹೊರಡುವ ಹಿಂದಿನ ದಿನ ಅವರು ಎಂಜಿನ್ನನ್ನು ತೋರಿಸಿದರು. ಕಾರಿನ ಮೂಲ ಎಂಜಿನ್ ಯಾವುದೋ ಪಂದ್ಯದಲ್ಲಿ ಎಂದೋ ಒಡೆದುಹೋಗಿತ್ತು. ಈಗಿರುವುದು ಅಂದಿನ ಕಾಲದಲ್ಲಿಯೇ ಬದಲಿಗಾಗಿ ಮಾರುತ್ತಿದ್ದ ಎಂಜಿನ್. ಬಗೆ ಅದೇ, ಆದರೆ ಪಟ್ಟಿಕೆಯ ಮೇಲೆ ಈ ಕಾರಿನ ಸಂಖ್ಯೆಯಿಲ್ಲ. ಮೂಲದ ಸಂಖ್ಯೆಯನ್ನು ಯಾರಿಗೂ ತಿಳಿಯದಂತೆ ಒತ್ತಿಕೊಡುವುದಾಗಿ ಒಬ್ಬನು ಬಂದಿದ್ದನಂತೆ. ಒತ್ತಿಸಿದ್ದರೆ ಕಾರಿನ ಬೆಲೆ ಬಹಳ ಏರುತ್ತಿತ್ತು. ಅವರ ಹೆಂಡತಿಯ ಕಾಯಿಲೆಗೆ ಹಣ ಬೇಕಾಗಿದ್ದ ಕಾಲ ಅದು ಎಂಬುದನ್ನು ನಾನು ಮಗಳಿಂದ ತಿಳಿದಿದ್ದೆ. ಅವರು ಒಪ್ಪಿರಲಿಲ್ಲ.

ಬರಿದಾದ ಆ ಪಟ್ಟಿಕೆಯ ಮೇಲೆ ಅವರು ಬೆರಳಾಡಿಸಿ, “ನಿಮ್ಮ ಪುಸ್ತಕಗಳಲ್ಲಿ ಎಲೆ ಹರಿದುಹೋದ ಕಡೆ ಏನು ಮಾಡುತ್ತೀರಿ?” ಎಂದು ಕೇಳಿದರು.

ಚುಕ್ಕಿಗಳನ್ನು ಇಡುತ್ತೇವೆ ಎಂದೆ. ಎಷ್ಟು ಅಕ್ಷರಗಳು ಹೋಗಿವೆಯೋ ಅಷ್ಟು ಚುಕ್ಕಿಗಳು.

“ಇದು ನನ್ನ ಚುಕ್ಕಿ” ಎಂದರು.

ಊರಿಗೆ ಬಂದ ಮೇಲೆ ನನ್ನ ಆ ಹಳೆಯ ಪುಸ್ತಕದ ಮರುಮುದ್ರಣಕ್ಕಾಗಿ ಒಂದು ಪುಟ ಬರೆದಿಟ್ಟಿದ್ದೇನೆ. ಪದ್ಯದಲ್ಲಿ ಮೇಣಿ ತನ್ನ ಜಾಗಕ್ಕೆ ಮರಳಿದೆ. ಅಡಿಯಲ್ಲಿ, ಹಿಂದಿನ ಪಾಠವನ್ನು ಕೆಡಿಸಿದವನು ಸಂಪಾದಕನೇ ಹೊರತು ಪ್ರತಿಕಾರನಲ್ಲ ಎಂದು ಸೇರಿಸಿದ್ದೇನೆ.