ಖಾನಾಪುರದ ಶಾಲೆ ಯಾರಿಗೆ ಉತ್ತರ ಹೇಳಬೇಕು?

ಕಳೆದ ಮಳೆಗಾಲದಲ್ಲಿ ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಊರಿನ ಹೆಸರು ಇಲ್ಲಿ ಬೇಡ. ಐದು ತರಗತಿ, 11 ಮಕ್ಕಳು, ಒಬ್ಬರೇ ಶಿಕ್ಷಕರು. ಅಂದು ಅವರೂ ಇರಲಿಲ್ಲ. ಕ್ಲಸ್ಟರ್ ಸಭೆಗೆ ಹೋಗಿದ್ದರು. ಬಿಸಿಯೂಟದ ಅಡುಗೆಯ ತಾಯಿ ಒಲೆಯ ಮೇಲೆ ಅನ್ನಕ್ಕಿಟ್ಟು, ಬಾಗಿಲಲ್ಲಿ ಕುಳಿತು ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದರು. ಸುದ್ದಿ ತಿಳಿದು ಬಂದ ಎಸ್‌ಡಿಎಂಸಿ ಅಧ್ಯಕ್ಷರು ಕೊಡೆ ಮಡಚುತ್ತಲೇ ಕೇಳಿದರು: ‘ಸಾಹೇಬ್ರ, ಇನ್ನೊಬ್ಬ ಮಾಸ್ತರ ಯಾವಾಗ ಬರತಾರ? ಅದು ಗೊತ್ತಿಲ್ಲಾಂದ್ರ, ಯಾರನ್ನ ಕೇಳಬೇಕು ಅದನ್ನರ ಹೇಳ್ರಿ.’

ಮೂವತ್ತಕ್ಕೂ ಹೆಚ್ಚು ವರ್ಷ ಆಡಳಿತದಲ್ಲಿದ್ದ ನನಗೆ ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿರಬೇಕಿತ್ತು. ಹೇಳಲು ಹೊರಟರೆ ಅದು ಒಂದು ವಾಕ್ಯದಲ್ಲಿ ಮುಗಿಯುವಂತಿರಲಿಲ್ಲ. ಕಾಯಂ ಶಿಕ್ಷಕರ ನೇಮಕಾತಿ ರಾಜ್ಯ ಮಟ್ಟದಲ್ಲಿ ನಡೆಯುತ್ತದೆ. ವರ್ಗಾವಣೆಗೆ 2007ರಲ್ಲಿ ಬಂದ, 2020ರಲ್ಲಿ ಹೊಸದಾಗಿ ರೂಪಿಸಿದ ಕಾಯ್ದೆ ಇದೆ; ಅದರ ವೇಳಾಪಟ್ಟಿ ಬೆಂಗಳೂರಿನಿಂದ ಬರುತ್ತದೆ. ಅತಿಥಿ ಶಿಕ್ಷಕರು ಎಷ್ಟು ಎಂಬುದೂ ಅಲ್ಲಿಯೇ ತೀರ್ಮಾನವಾಗಿ, ಉಪನಿರ್ದೇಶಕರ ಕಚೇರಿಗೆ ಬಂದು, ಬಿಇಒ ಮೂಲಕ ಶಾಲೆಗಳಿಗೆ ಹಂಚಿಕೆಯಾಗುತ್ತದೆ. ಕಟ್ಟಡ ಒಂದು ಇಲಾಖೆಯದು, ಅಕ್ಕಿ ಇನ್ನೊಂದರದು. ಊರು ಕಾಡಿನೊಳಗಿದ್ದರೆ ಗೋಡೆ ಎಬ್ಬಿಸಲು ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕು. ಈ ಸರಪಳಿಯ ಪ್ರತಿಯೊಂದು ಕೊಂಡಿಯೂ ತನ್ನ ಮೇಲಿನ ಕೊಂಡಿಗೆ ಲೆಕ್ಕ ಕೊಡುತ್ತದೆ. ಮಗುವಿನ ತಂದೆಗೆ ಲೆಕ್ಕ ಕೊಡುವವರು ಯಾರೂ ಇಲ್ಲ.

ಬೆಳಗಾವಿ ಕಂದಾಯ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ, ಬೆಳಗಾವಿ ಮತ್ತು ಚಿಕ್ಕೋಡಿ. ಖಾನಾಪುರ ಮೊದಲನೆಯದಕ್ಕೆ ಸೇರಿದ ತಾಲ್ಲೂಕು. ಬೆಳಗಾವಿ ನಗರದಿಂದ ಖಾನಾಪುರ ಪಟ್ಟಣಕ್ಕೆ ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಒಂದು ಗಂಟೆಯ ಹಾದಿಯೂ ಅಲ್ಲ. ಆದರೆ ತಾಲ್ಲೂಕು ಎರಡು ಹೋಳು. ಪೂರ್ವಕ್ಕೆ ಇಟಗಿ, ಬೀಡಿ, ಕಕ್ಕೇರಿಯ ಬಯಲು. ಪಶ್ಚಿಮಕ್ಕೆ ಮಲಪ್ರಭೆ ಹುಟ್ಟುವ ಕಣಕುಂಬಿ, 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡದ ಕಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳಗಳು ತುಂಬಿದಾಗ ಪಶ್ಚಿಮದ ಕೆಲವು ಊರುಗಳಿಗೆ ಹೋಗುವುದೇ ಒಂದು ಸಾಹಸ. ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ಜಿಲ್ಲೆಯ ಬದಲು ತಾಲ್ಲೂಕನ್ನು ಘಟಕವಾಗಿ ತೆಗೆದುಕೊಂಡದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೂ ಖಾನಾಪುರದಂಥ ತಾಲ್ಲೂಕಿನ ಸರಾಸರಿಯಲ್ಲಿ ಬಯಲಿನ ಶಾಲೆಯು ಕಾಡಿನ ಶಾಲೆಯನ್ನು ಮರೆಮಾಚುತ್ತದೆ.

ನಾನು ನಾಲ್ಕೂ ಕಡೆ ಬೆರಳು ತೋರಿಸಿ ಕೂರುವಂತಿಲ್ಲ. ಆ ಶಾಲೆ ಈ ಸ್ಥಿತಿಗೆ ಬರುವುದರಲ್ಲಿ ನನ್ನದೂ ಒಂದು ಸಹಿ ಇದೆ. ನಿವೃತ್ತಿಗೆ ಕೆಲವು ವರ್ಷಗಳ ಹಿಂದೆ ‘ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ’ಯ ಪಟ್ಟಿಯೊಂದು ನನ್ನ ಮೇಜಿಗೆ ಬಂದಿತ್ತು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಈ ಶಾಲೆಯಲ್ಲಿ ಆಗ 34 ಮಕ್ಕಳು, ಮೂವರು ಶಿಕ್ಷಕರು. ಒಬ್ಬರು ಹೆಚ್ಚು. ಲೆಕ್ಕ ಸರಿಯಾಗಿಯೇ ಇತ್ತು, ಸಹಿ ಹಾಕಿದೆ. ಅಂದು ಹೊರಟುಹೋದವರು ಆ ಭಾಗದವರೇ ಆದ ಒಬ್ಬ ಶಿಕ್ಷಕಿ. ಕನ್ನಡ ಮಾಧ್ಯಮದ ಆ ಶಾಲೆಗೆ ಬರುವ ಮಕ್ಕಳ ಮನೆಮಾತು ಕೊಂಕಣಿ ಬೆರೆತ ಮರಾಠಿ. ಒಂದನೆಯ ತರಗತಿಯ ಮಗುವಿನ ಮಾತು ತಿಳಿದು, ಅದರಿಂದ ಕನ್ನಡಕ್ಕೆ ಕೈಹಿಡಿದು ಕರೆತರುತ್ತಿದ್ದವರು ಅವರೊಬ್ಬರೇ ಎಂಬುದನ್ನು ನಾನು ತಿಳಿದದ್ದು ಕಳೆದ ವರ್ಷ, ಅಡುಗೆಯ ತಾಯಿಯ ಬಾಯಿಂದ. ಪಟ್ಟಿಯಲ್ಲಿ ಅದಕ್ಕೊಂದು ಅಂಕಣವಿರಲಿಲ್ಲ. ಬೆಳಗಾವಿಯ ಬೀದಿಗಳಲ್ಲಿ ಭಾಷೆಯ ವಿಚಾರ ಫಲಕದ ಅಕ್ಷರಗಳ ಸುತ್ತ ಸುತ್ತುತ್ತದೆ. ಐದೂವರೆ ವರ್ಷದ ಮಗುವಿಗೆ ಶಿಕ್ಷಕರ ಮಾತು ಅರ್ಥವಾಗುತ್ತಿದೆಯೇ ಎಂದು ಎರಡೂ ಕಡೆಯವರು ಕೇಳಿದ್ದನ್ನು ನಾನು ಹೆಚ್ಚು ಕಂಡಿಲ್ಲ.

ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಉಳಿದ ಇಬ್ಬರಲ್ಲಿ ಒಬ್ಬರು ವರ್ಗಾವಣೆ ಪಡೆದರು. ಅವರ ಜಾಗಕ್ಕೆ ಬಂದವರು ಕೆಲವೇ ತಿಂಗಳಲ್ಲಿ ನಗರದ ಸಮೀಪದ ಶಾಲೆಗೆ ‘ನಿಯೋಜನೆ’ಯ ಮೇಲೆ ಹೋದರು. ಹುದ್ದೆ ಕಾಗದದ ಮೇಲೆ ಭರ್ತಿಯಾಗಿಯೇ ಇರುವುದರಿಂದ ಅತಿಥಿ ಶಿಕ್ಷಕರನ್ನು ಕೇಳುವಂತೆಯೂ ಇಲ್ಲ. ಒಬ್ಬರೇ ಶಿಕ್ಷಕರು ಉಳಿದಾಗ ಅನುಕೂಲವಿದ್ದ ಕುಟುಂಬಗಳು ಮಕ್ಕಳನ್ನು ಖಾನಾಪುರದ ಬಂಧುಗಳ ಮನೆಯಲ್ಲಿ ಬಿಟ್ಟವು. ಡಾಂಬರು ರಸ್ತೆಯವರೆಗೆ ನಡೆಯಬಲ್ಲ ಮಕ್ಕಳು ಖಾಸಗಿ ಶಾಲೆಯ ವಾಹನ ಹತ್ತಿದರು. 34 ಇದ್ದದ್ದು 11 ಆಯಿತು. ಮಕ್ಕಳು ಕಡಿಮೆಯಾದರು ಎಂದು ಶಿಕ್ಷಕರನ್ನು ತೆಗೆದೆವು ಎನ್ನುತ್ತೇವೆ. ಇಲ್ಲಿ ನಡೆದದ್ದು ಅದರ ತದ್ವಿರುದ್ಧ. ಈಗ ಅದೇ 11ನ್ನು ತೋರಿಸಿ ‘ಇಂಥ ಶಾಲೆ ಏಕೆ ಬೇಕು’ ಎಂದು ಕೇಳುವವರಿದ್ದಾರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಆ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಸಣ್ಣ ಶಾಲೆ ದುಬಾರಿ. ಹನ್ನೊಂದು ಮಕ್ಕಳಿಗೆ ಇಬ್ಬರು ಶಿಕ್ಷಕರ ವೇತನವೆಂದರೆ ತಲಾ ವೆಚ್ಚ ನಗರದ ಒಳ್ಳೆಯ ಖಾಸಗಿ ಶಾಲೆಯ ಶುಲ್ಕವನ್ನೂ ಮೀರಬಹುದು. ಬಯಲು ಸೀಮೆಯಲ್ಲಿ ಎರಡು ಶಾಲೆಗಳನ್ನು ಸೇರಿಸಿ ಒಂದು ವಾಹನ ಕೊಡುವುದು ಜಾಣತನವೇ ಇರಬಹುದು. ಆದರೆ ಹಳ್ಳ ದಾಟಿ, ಕರಡಿ ಓಡಾಡುವ ದಾರಿಯಲ್ಲಿ ಆರು ವರ್ಷದ ಮಗುವನ್ನು ಮೂರು ಕಿಲೋಮೀಟರ್ ಕಳುಹಿಸುವ ವೆಚ್ಚ ಯಾವ ಬಜೆಟ್ಟಿನಲ್ಲೂ ನಮೂದಾಗುವುದಿಲ್ಲ. ಅದನ್ನು ಭರಿಸುವವರು ತಾಯಂದಿರು. ಬಹುಪಾಲು ಸಲ ಮಗುವನ್ನು ಮನೆಯಲ್ಲೇ ಉಳಿಸಿಕೊಂಡು ಭರಿಸುತ್ತಾರೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನವೂ ತಲೆ ಎಣಿಸಿಯೇ ಬರುವಂಥದು: 30 ಮಕ್ಕಳವರೆಗೆ ವರ್ಷಕ್ಕೆ 10 ಸಾವಿರ ರೂಪಾಯಿ, 31ರಿಂದ 100ರವರೆಗೆ 25 ಸಾವಿರ. ಮಳೆಗೆ ಹೆಂಚು ಒಡೆಯುವುದು ಮಕ್ಕಳ ಸಂಖ್ಯೆ ನೋಡಿಕೊಂಡಲ್ಲ.

ಇನ್ನು ಸಾಧನೆಯ ಅಳತೆ. ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜಿಲ್ಲೆಗಳ ಸ್ಥಾನಪಟ್ಟಿ ಬರುತ್ತದೆ. ಬೆಳಗಾವಿ ಮೇಲೋ ಚಿಕ್ಕೋಡಿ ಮೇಲೋ ಎಂದು ಒಂದು ವಾರ ಚರ್ಚೆ, ಅಧಿಕಾರಿಗಳಿಗೆ ನೋಟಿಸು. ಆ ಅಂಕಿ ಎಷ್ಟು ಗಟ್ಟಿ ಎಂಬುದು 2024ರಲ್ಲಿ ಗೊತ್ತಾಯಿತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ಆ ವರ್ಷ ರಾಜ್ಯದ ಫಲಿತಾಂಶ, ಹೆಚ್ಚಿಸಿದ ಕೃಪಾಂಕ ಸೇರಿಸಿದ ಮೇಲೂ, ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಕೃಪಾಂಕ ಹಿಂತೆಗೆದುಕೊಂಡ 2025ರ ಮೊದಲ ಪರೀಕ್ಷೆಯಲ್ಲಿ ಅದು ಶೇ 62.34. ಒಂದೇ ಅಂಕಿಯಿಂದ ಅಧಿಕಾರಿಯ ಯೋಗ್ಯತೆ ಅಳೆದರೆ ಅಂಕಿ ಬೆಳೆಯುತ್ತದೆ, ಕಲಿಕೆ ಬೆಳೆಯಬೇಕೆಂದಿಲ್ಲ. ಕಾಡಿನ ಶಾಲೆಯ ಮೂರನೆಯ ತರಗತಿಯ ಹುಡುಗಿ ಸರಳ ವಾಕ್ಯ ಓದುತ್ತಾಳೆಯೇ ಎಂಬುದಕ್ಕಂತೂ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಸ್ಥಳೀಯವಾಗಿ ಉತ್ತರ ಹೇಳುವ ವ್ಯವಸ್ಥೆ ಈ ನೆಲಕ್ಕೆ ಹೊಸದಲ್ಲ. ಮುಂಬಯಿ ಪ್ರಾಂತದಲ್ಲಿದ್ದಾಗ 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆಯು ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತ್ತು. 1947ರ ಕಾಯ್ದೆಯಲ್ಲಿ ಜಿಲ್ಲಾ ಸ್ಕೂಲ್ ಬೋರ್ಡುಗಳು ಇದ್ದವು, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೊಬ್ಬರು ಜೊತೆಗಿರುತ್ತಿದ್ದರು. ನನ್ನ ತಂದೆ ಕೊನೆಯವರೆಗೂ ತಮ್ಮನ್ನು ‘ಬೋರ್ಡಿನ ಮಾಸ್ತರ’ ಎಂದೇ ಕರೆದುಕೊಳ್ಳುತ್ತಿದ್ದರು. ಬೋರ್ಡುಗಳಲ್ಲಿ ಜಾತಿ, ವಶೀಲಿ, ವರ್ಗಾವಣೆಯ ರಾಜಕಾರಣ ಇರಲಿಲ್ಲವೆಂದು ಹೇಳಲಾರೆ. ಅಬ್ದುಲ್ ನಜೀರ್ ಸಾಬ್ ಅವರ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ, ಊರಿನ ಪ್ರತಿನಿಧಿ ಬೆಳಿಗ್ಗೆ ಶಾಲೆಯ ಕಡೆ ಬರುತ್ತಾನೆಂಬ ಕಾರಣಕ್ಕೇ ಶಿಕ್ಷಕರ ಹಾಜರಾತಿ ಸುಧಾರಿಸಿದ್ದನ್ನು ಸೇವೆಯ ಆರಂಭದ ದಿನಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ 1998ರ ತಮ್ಮ ಅಧ್ಯಯನದಲ್ಲಿ ಇದನ್ನೇ ಗುರುತಿಸಿದ್ದಾರೆ. ಈಗ ನೋಡಿ: 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಶಿಕ್ಷಣ ಸ್ಥಾಯಿ ಸಮಿತಿಯ ಸಭೆಯಲ್ಲಿ ಖಾನಾಪುರದ ಪರವಾಗಿ ಎದ್ದು ನಿಂತು ಕೇಳುವ ಸದಸ್ಯರೇ ಇಲ್ಲವಾದರು.

ಉಳಿದದ್ದು ಎಸ್‌ಡಿಎಂಸಿ. ಡಾ. ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಹುಟ್ಟಿದ ಈ ಸಮಿತಿಗೆ ಶಿಕ್ಷಣ ಹಕ್ಕು ಕಾಯ್ದೆ ಶಾಸನದ ಬಲ ಕೊಟ್ಟಿತು. ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಕಾಗದದ ಮೇಲೆ ಸುಂದರವಾದ ಸಮಿತಿ. ಆದರೆ ಅದರ ಕೆಲಸ ಹಾಲಿನ ಪುಡಿ, ಮೊಟ್ಟೆ, ಸಮವಸ್ತ್ರಗಳ ದಾಖಲೆಗೆ ಸಹಿ ಮಾಡುವುದರಲ್ಲಿ ಮುಗಿಯುತ್ತದೆ. ಶಿಕ್ಷಕರಿಲ್ಲ ಎಂದು ಠರಾವು ಬರೆಯಬಹುದು. ಶಿಕ್ಷಕರನ್ನು ತರುವ ಅಧಿಕಾರ ಅದಕ್ಕಿಲ್ಲ.

ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಬರೆದದ್ದನ್ನು ನಾವು ಎಂ.ಎ. ತರಗತಿಯಲ್ಲಿ ಓದಿದ್ದೆವು. ಸೇವೆ ಕೆಟ್ಟಾಗ ಜನರಿಗೆ ಎರಡು ದಾರಿ: ಬಿಟ್ಟುಹೋಗುವುದು, ಇಲ್ಲವೇ ದನಿ ಎತ್ತುವುದು. ದನಿ ಎತ್ತಬಲ್ಲವರೇ ಮೊದಲು ಬಿಟ್ಟುಹೋದರೆ ಸಂಸ್ಥೆ ಇನ್ನಷ್ಟು ಕೆಡುತ್ತದೆ. ಅವರು ಕೊಟ್ಟ ಉದಾಹರಣೆಗಳಲ್ಲಿ ಸರ್ಕಾರಿ ಶಾಲೆಯೂ ಒಂದು. ಬೆಳಗಾವಿಯ ಟಿಳಕವಾಡಿಯಲ್ಲಿರುವ ಪೋಷಕರು ಒಂದು ಶಾಲೆ ಒಗ್ಗದಿದ್ದರೆ ಮುಂದಿನ ಬೀದಿಯ ಶಾಲೆಗೆ ಹೋಗುತ್ತಾರೆ. ಕಾಡಿನ ಊರಿನವರಿಗೆ ಮುಂದಿನ ಬೀದಿಯೇ ಇಲ್ಲ. ಆದ್ದರಿಂದ ಅಧಿಕಾರ ಮೊದಲು ಸಿಗಬೇಕಾದದ್ದು ಇಂಥ ಊರುಗಳ ಸಮಿತಿಗಳಿಗೆ.

ನಾನು ಕೇಳುವುದು ದೊಡ್ಡದಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಎಸ್‌ಡಿಎಂಸಿಯ ಲಿಖಿತ ಒಪ್ಪಿಗೆಯಿಲ್ಲದೆ ಯಾರನ್ನೂ ನಿಯೋಜನೆಯ ಮೇಲೆ ಕಳುಹಿಸಬಾರದು. ಇಂಥ ಶಾಲೆಗಳ ಅತಿಥಿ ಶಿಕ್ಷಕರ ಹಣವನ್ನು ಮೇ ತಿಂಗಳೊಳಗೆ ತಾಲ್ಲೂಕಿಗೆ ಕೊಟ್ಟು, ಸಮಿತಿಯೇ ಆರಿಸುವಂತಾಗಬೇಕು. ಸ್ಥಳೀಯ ಮಾತು ಬಲ್ಲ ವಿದ್ಯಾವಂತ ಹೆಣ್ಣುಮಕ್ಕಳು ಖಾನಾಪುರದಲ್ಲಿ ಈಗ ಕಡಿಮೆಯಿಲ್ಲ. ಮರುಹೊಂದಾಣಿಕೆಗೆ ಒಂದು ವರ್ಷದ ಹಾಜರಿ ಸಾಲದು, ಮೂರು ವರ್ಷದ ಏರಿಳಿತ ನೋಡಬೇಕು. ಸ್ಥಳೀಯರ ಕೈಗೆ ಅಧಿಕಾರ ಹೋದರೆ ಊರಿನ ಪುಢಾರಿಗಳು ಕಿರುಕುಳ ಕೊಡುತ್ತಾರೆಂಬ ಶಿಕ್ಷಕರ ಸಂಘಟನೆಗಳ ಭಯ ಸುಳ್ಳಲ್ಲ. ಅದಕ್ಕೇ ವೇತನ, ಶಿಸ್ತುಕ್ರಮ, ಕಾಯಂ ನೇಮಕಾತಿ ಇಲಾಖೆಯಲ್ಲೇ ಇರಲಿ ಎನ್ನುತ್ತೇನೆ.

ಪ್ರತಿ ಚಳಿಗಾಲ ಹಲಗಾ ಬಳಿಯ ಸುವರ್ಣ ವಿಧಾನಸೌಧಕ್ಕೆ ಸರ್ಕಾರವೇ ಬರುತ್ತದೆ. ಹತ್ತು ದಿನಗಳ ಆ ಅಧಿವೇಶನದಲ್ಲಿ ಒಂದು ಮಧ್ಯಾಹ್ನವನ್ನು ಶಿಕ್ಷಣ ಸಚಿವರು ಜಾಂಬೋಟಿ ದಾಟಿ ಹೋಗಿ ಬರಲು ಇಡಬಹುದು. ಆದರೆ ಡಿಸೆಂಬರ್‌ನಲ್ಲಿ ರಸ್ತೆ ಒಣಗಿರುತ್ತದೆ, ಕಾಡು ಚೆಲುವಾಗಿ ಕಾಣುತ್ತದೆ. ಮರುಹೊಂದಾಣಿಕೆಯ ಪಟ್ಟಿಗೆ ಸಹಿ ಮಾಡುವ ಇಂದಿನ ಅಧಿಕಾರಿ ಜುಲೈನಲ್ಲಿ ಹೋಗುವುದು ಒಳ್ಳೆಯದು. ಎಸ್‌ಡಿಎಂಸಿ ಅಧ್ಯಕ್ಷರು ಅದೇ ಎರಡು ಪ್ರಶ್ನೆಗಳನ್ನು ಅವರಿಗೂ ಕೇಳುತ್ತಾರೆ. ನಾನು ಅಂದು ‘ಬಿಇಒ ಸಾಹೇಬರಿಗೆ ಫೋನ್ ಮಾಡುತ್ತೇನೆ’ ಎಂದು ಹೇಳಿ ಬಂದೆ. ಮಾಡಿದೆ ಕೂಡ. ಅವರು ಸೌಜನ್ಯದಿಂದಲೇ ಹೇಳಿದರು: ‘ಸರ್, ಮೇಲಕ್ಕೆ ಬರೆದಿದ್ದೇವೆ.’